ಎರಡು ಮಾರಿಸ್ ಮೈನರ್: ಹಸಿರಿಗೆ ಎರಡು ಸ್ಟಾರ್, ನೀಲಿಗೆ ನಾಲ್ಕೂವರೆ

ಮೊದಲು ಮಾಲು ಯಾವುದು ಅಂತ ಹೇಳಿಬಿಡುತ್ತೇನೆ. ಮ್ಯಾಚ್‌ಬಾಕ್ಸ್ ಸಾಲಿನ 46ನೇ ನಂಬರಿನ ಆಟಿಕೆ ಕಾರು, ಮಾರಿಸ್ ಮೈನರ್ 1000. ಇಂಗ್ಲೆಂಡಿನ ಲೆಸ್ನಿ ಕಂಪನಿ 1958ರಲ್ಲಿ ಮಾರುಕಟ್ಟೆಗೆ ಬಿಟ್ಟದ್ದು. ಉದ್ದ ಸುಮಾರು 50 ಮಿಲಿಮೀಟರ್. ಅಂಗೈಯಲ್ಲಿ ಇಟ್ಟು ಮುಷ್ಟಿ ಮುಚ್ಚಿದರೆ ಕಾಣುವುದಿಲ್ಲ, ಆದರೆ ತೂಕ ಗೊತ್ತಾಗುತ್ತದೆ.

ನಾನು ಎರಡು ತಗೊಂಡೆ. ಹಸಿರಿನದು ಲೋಹದ ಚಕ್ರದ್ದು, ಡಬ್ಬದ ಸಮೇತ 48 ಪೌಂಡ್. ನೀಲಿಯದು ಬೂದು ಬಣ್ಣದ ಪ್ಲಾಸ್ಟಿಕ್ ಚಕ್ರದ್ದು, ಡಬ್ಬ ಇಲ್ಲ, ಬಣ್ಣ ಅಲ್ಲಲ್ಲಿ ಕಿತ್ತುಹೋಗಿದೆ, 22 ಪೌಂಡ್. ಜಾಸ್ತಿ ಕೊಟ್ಟದ್ದರಲ್ಲಿ ಟೋಪಿ ಬಿತ್ತು. ಕಡಿಮೆ ಕೊಟ್ಟದ್ದು ಅಪ್ಪಟ ಮಾಲು.

ನಾನು ಪೀಣ್ಯದ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ 31 ವರ್ಷ ಡೈ ಕೆಲಸ, ಅಂದರೆ ಲೋಹ ಎರಕ ಹೊಯ್ಯುವ ಅಚ್ಚು ಮಾಡುವ ಕೆಲಸ, ಮಾಡಿದವನು. ಕಾರ್ಬುರೇಟರ್ ಬಾಡಿ, ಬೀಗದ ಕೇಸು, ನಲ್ಲಿಯ ಹಿಡಿ ಇಂಥವನ್ನು ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ಯುವ ಡೈಗಳು. ಈ ಆಟಿಕೆಗಳೂ ಅದೇ ಮಾಲಿನವು. ಸತು ಜಾಸ್ತಿ, ಜೊತೆಗೆ ಒಂದಿಷ್ಟು ಅಲ್ಯೂಮಿನಿಯಂ, ಚೂರು ತಾಮ್ರ, ಮೆಗ್ನೀಸಿಯಂ. ನಾವು ಜಮಾಕ್ ಅನ್ನುತ್ತಿದ್ದೆವು. ಇಂಗ್ಲೆಂಡಿನವರು ಅದನ್ನೇ ಮಜಾಕ್ ಅನ್ನುತ್ತಾರೆ! ಮೊದಲ ಸಲ ಕೇಳಿದಾಗ ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡಿದ್ದೆ. ಹಸಿರು ಕಾರಿನ ವಿಷಯದಲ್ಲಿ ಕೊನೆಗೂ ನನ್ನ ಜೊತೆ ಮಜಾಕ್ ಮಾಡಿದರು, ಅದು ಬೇರೆ ಮಾತು.

ಮಾರಿಸ್ ಮೈನರೇ ಯಾಕೆ ಅಂದರೆ, ನಮ್ಮ ತಿಪಟೂರಿನಲ್ಲಿ ನಾನು ಹುಡುಗನಾಗಿದ್ದಾಗ ಡಾಕ್ಟರೊಬ್ಬರ ಹತ್ತಿರ ಒಂದಿತ್ತು. ನಮ್ಮ ದೇಶದಲ್ಲಿ ಹಿಂದೂಸ್ತಾನ್ ಮೋಟಾರ್ಸ್‌ನವರು ಇದನ್ನೇ ಬೇಬಿ ಹಿಂದೂಸ್ತಾನ್ ಅಂತ ಮಾರುತ್ತಿದ್ದರು. ಆಮೇಲಿನ ಅಂಬಾಸಿಡರ್ ಕೂಡ ಮಾರಿಸ್ ಮನೆತನದ್ದೇ, ಆಕ್ಸ್‌ಫರ್ಡ್ ಅನ್ನುವ ದೊಡ್ಡ ಕಾರಿನಿಂದ ಬಂದದ್ದು. ಡಾಕ್ಟರು ಕಾರು ನಿಲ್ಲಿಸಿ ಮನೆಯೊಳಗೆ ಹೋದರೆ ನಾವು ನಾಲ್ಕು ಹುಡುಗರು ಬಾನೆಟ್ಟಿನ ಗುಂಡಗಿನ ಹೊಟ್ಟೆ ಸವರುತ್ತಾ ನಿಲ್ಲುತ್ತಿದ್ದೆವು. ಬಿಸಿಯಾಗಿರುತ್ತಿತ್ತು.

ಮಗಳು ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದಾಳೆ. ಕಳೆದ ಬೇಸಿಗೆಯಲ್ಲಿ ಅಲ್ಲಿಗೆ ಹೋಗಿದ್ದಾಗ ಒಂದು ಭಾನುವಾರ ಹಳೇ ಆಟಿಕೆಗಳ ಸಂತೆಗೆ ಕರಕೊಂಡು ಹೋದಳು. ಊರಿನ ಸಭಾಭವನದಲ್ಲಿ ಮಡಚುವ ಮೇಜುಗಳ ಸಾಲು, ಮೇಜಿನ ಹಿಂದೆ ನನ್ನದೇ ವಯಸ್ಸಿನವರು, ಥರ್ಮಾಸ್ ಫ್ಲಾಸ್ಕಿನಲ್ಲಿ ಟೀ. ಡಿಂಕಿ, ಕಾರ್ಗಿ, ಮ್ಯಾಚ್‌ಬಾಕ್ಸ್ ಹೆಸರಿನ ಆಟಿಕೆ ಕಾರುಗಳು ರಾಶಿ ರಾಶಿ. ಮಾತು ಮಾತ್ರ ನಮ್ಮ ಅವೆನ್ಯೂ ರೋಡಿನ ಹಳೇ ಪುಸ್ತಕದವರ ಥರಾನೇ. ಒಂದು ರೇಟು ಹೇಳುವುದು, ನಾವು ಕೆಳಗಿಟ್ಟು ಎರಡು ಹೆಜ್ಜೆ ಹೋದರೆ ಇನ್ನೊಂದು ರೇಟು.

ಹಸಿರು ಮಾರಿಸ್ ಇಟ್ಟಿದ್ದವನು ಒಳ್ಳೇ ಮಾತುಗಾರ. ಯಾವ ಮೇಜು, ಯಾರು ಅಂತೆಲ್ಲ ಇಲ್ಲಿ ಬೇಡ. ಎಲ್ಲಾ ಒರಿಜಿನಲ್, ಒಂದೇ ಮನೆಯಲ್ಲಿ ಇದ್ದದ್ದು ಅಂದ. ಕಾರು ಫಳಫಳ ಹೊಳೆಯುತ್ತಿತ್ತು. ಮಗಳು ಕಿವಿಯ ಹತ್ತಿರ ಬಂದು, “ಅಪ್ಪಾ, ಇಷ್ಟು ಹಳೇದು ಇಷ್ಟು ಹೊಸದಾಗಿ ಹೇಗಿರುತ್ತೆ?” ಅಂದಳು. “ಸುಮ್ನಿರಮ್ಮ, ನಾನು ಡೈ ಮಾಡಿದವನು” ಅಂದೆ. ಕನ್ನಡಕ ಇತ್ತು, ವಾಚ್ ರಿಪೇರಿಯವರ ಐಗ್ಲಾಸ್ ಬೆಂಗಳೂರಿನಲ್ಲಿತ್ತು.

ಇಲ್ಲಿ ಸ್ವಲ್ಪ ಹಿನ್ನೆಲೆ ಬೇಕು, ಇಲ್ಲದಿದ್ದರೆ ಒಂದೇ ಕಾರಿನಲ್ಲಿ ಇಷ್ಟೊಂದು ಬಗೆ ಯಾಕೆ ಅನ್ನುವುದು ಅರ್ಥ ಆಗುವುದಿಲ್ಲ. ಲೆಸ್ನಿ ಶುರುವಾದದ್ದು 1947ರಲ್ಲಿ, ಲಂಡನ್ನಿನ ಮುಚ್ಚಿಹೋಗಿದ್ದ ಪಬ್ಬೊಂದರಲ್ಲಿ. ಲೆಸ್ಲಿ ಸ್ಮಿತ್, ರಾಡ್ನಿ ಸ್ಮಿತ್ ಅಂತ ಇಬ್ಬರು ಗೆಳೆಯರು. ಇಬ್ಬರೂ ಸ್ಮಿತ್, ಆದರೆ ಸಂಬಂಧಿಕರಲ್ಲ. ಒಬ್ಬರ ಹೆಸರಿನ ತಲೆ, ಇನ್ನೊಬ್ಬರ ಹೆಸರಿನ ಬಾಲ ಸೇರಿ ಲೆಸ್ನಿ. ಡೈ ಕೆಲಸ ಗೊತ್ತಿದ್ದವರು ಅವರ ಜೊತೆ ಸೇರಿದ ಜಾಕ್ ಓಡೆಲ್. ಕಾರ್ಖಾನೆಗಳಿಗೆ ಬಿಡಿಭಾಗ ಎರಕ ಹೊಯ್ದು ಕೊಡುವುದು ಅವರ ಮೂಲ ಕಸುಬು, ಅಂದರೆ ನಮ್ಮ ಪೀಣ್ಯದವರ ಹಾಗೆ ಜಾಬ್ ವರ್ಕ್. ಆರ್ಡರ್ ಕಡಿಮೆ ಇರುವ ತಿಂಗಳಲ್ಲಿ ಮಷಿನ್ ಸುಮ್ನೆ ನಿಲ್ಲಬಾರದು ಅಂತ ಆಟಿಕೆಗೆ ಕೈ ಹಾಕಿದರು. 1953ರಲ್ಲಿ ರಾಣಿ ಎಲಿಜಬೆತ್ ಪಟ್ಟಾಭಿಷೇಕದ ಸಾರೋಟಿನ ಪುಟ್ಟ ಮಾದರಿ ಹತ್ತು ಲಕ್ಷಕ್ಕೂ ಜಾಸ್ತಿ ಹೋಯಿತು. ಓಡೆಲ್ ಅವರ ಮಗಳ ಶಾಲೆಯಲ್ಲಿ ಬೆಂಕಿಪೊಟ್ಟಣದೊಳಗೆ ಹಿಡಿಸುವ ಆಟಿಕೆ ಮಾತ್ರ ತರಬಹುದು ಅಂತ ನಿಯಮ ಇತ್ತಂತೆ. ಅವರು ಹಿತ್ತಾಳೆಯಲ್ಲಿ ಒಂದು ಪುಟ್ಟ ರೋಡ್ ರೋಲರ್ ಮಾಡಿಕೊಟ್ಟರು. ಮ್ಯಾಚ್‌ಬಾಕ್ಸ್ ಅನ್ನುವ ಹೆಸರು ಹುಟ್ಟಿದ್ದು ಅಲ್ಲಿಂದ.

1960ರ ದಶಕದಲ್ಲಿ ವಾರಕ್ಕೆ ಹತ್ತು ಲಕ್ಷ ಕಾರು ದಾಟಿತ್ತು ಅವರ ತಯಾರಿ. ಅಷ್ಟು ಓಟದಲ್ಲಿ ಬಗೆಗಳು ತಾವಾಗಿಯೇ ಹುಟ್ಟುತ್ತವೆ. ಯಾರೂ ಕೂತು ಸಂಗ್ರಾಹಕರಿಗೆ ಅಂತ ಮಾಡಿದ್ದಲ್ಲ. ಲೋಹದ ಚಕ್ರ ಖರ್ಚಿನದು, 1950ರ ದಶಕದ ಕೊನೆಗೆ ಬೂದು ಪ್ಲಾಸ್ಟಿಕ್ ಬಂತು. ಆಮೇಲೆ ಕಪ್ಪು ಪ್ಲಾಸ್ಟಿಕ್, ಕೆಲವಕ್ಕೆ ಬೆಳ್ಳಿ ಬಣ್ಣದ ಪ್ಲಾಸ್ಟಿಕ್. 1969ರಲ್ಲಿ ತೆಳು ಆಕ್ಸಲಿನ, ಜೋರಾಗಿ ಓಡುವ ಸೂಪರ್‌ಫಾಸ್ಟ್ ಚಕ್ರ. ಹೊಸ ಚಕ್ರ ಬಂದ ದಿನ ಹಳೇ ಚಕ್ರದ ತೊಟ್ಟಿ ಖಾಲಿ ಆಗಿರುತ್ತದಾ? ಇಲ್ಲ. ಜೋಡಿಸುವವರು ಕೈಗೆ ಸಿಕ್ಕಿದ್ದು ಹಾಕುತ್ತಾರೆ. ನಮ್ಮಲ್ಲೂ ಡ್ರಾಯಿಂಗ್ ಬದಲಾದ ಮೇಲೆ ಹಳೇ ಮಾಲು ತಿಂಗಳುಗಟ್ಟಲೆ ಲೈನಿನಲ್ಲಿ ಓಡಾಡುತ್ತಿತ್ತು. ಸ್ಟೋರಿನವರಿಗೆ ಕೇಳಿದರೆ “ಇರೋದು ಮುಗೀಲಿ ಸಾರ್” ಅನ್ನುತ್ತಿದ್ದರು.

ಬಣ್ಣದ ಕಥೆಯೂ ಇದೇ. 17ನೇ ನಂಬರಿನ ಬೆಡ್‌ಫರ್ಡ್ ಸಾಮಾನು ಸಾಗಿಸುವ ವ್ಯಾನು ತಿಳಿನೀಲಿ, ಮರೂನ್, ಹಸಿರು ಮೂರರಲ್ಲೂ ಸಿಗುತ್ತದೆ. ಡೈಯೇ ಬದಲಾಗುವುದು ಇನ್ನೊಂದು ಬಗೆ. 5ನೇ ನಂಬರಿನ ಲಂಡನ್ ಬಸ್ಸು ಅದೇ ನಂಬರಿನಲ್ಲಿ ಹೊಸ ಹೊಸ ಡೈಯಿಂದ ಬರುತ್ತಾ ದೊಡ್ಡದಾಗುತ್ತಾ ಹೋಯಿತು. ಪಕ್ಕಪಕ್ಕ ಇಟ್ಟರೆ ಅಪ್ಪ ಮಕ್ಕಳ ಹಾಗೆ ಕಾಣುತ್ತವೆ. ನಮ್ಮ ಮಾರಿಸ್ ಮಾತ್ರ ಸೀದಾ ಸಾದಾ. ಕಡು ಹಸಿರು ಲೋಹದ ಚಕ್ರದಲ್ಲೂ ಬೂದು ಪ್ಲಾಸ್ಟಿಕ್ಕಿನಲ್ಲೂ ಬಂತು, ನೀಲಿ ಬೂದು ಪ್ಲಾಸ್ಟಿಕ್ಕಿನಲ್ಲಿ. 1960ರಲ್ಲಿ 46ನೇ ನಂಬರನ್ನು ಪಿಕ್‌ಫರ್ಡ್ಸ್ ಹೆಸರಿನ ವ್ಯಾನಿಗೆ ಕೊಟ್ಟುಬಿಟ್ಟರು. ಅಲ್ಲಿಗೆ ಮಾರಿಸ್ ಸಂಸಾರ ಮುಗಿಯಿತು.

ಬೆಂಗಳೂರಿಗೆ ಬಂದ ಮರುದಿನ ಬೆಳಿಗ್ಗೆ ಕಾಫಿ ಆದ ಮೇಲೆ ಎರಡನ್ನೂ ಊಟದ ಮೇಜಿನ ಮೇಲೆ ಬಿಳಿ ಟವೆಲ್ ಹಾಸಿ ಇಟ್ಟೆ. ಐಗ್ಲಾಸ್ ಕಣ್ಣಿಗೆ ಸಿಕ್ಕಿಸಿಕೊಂಡು ಹಸಿರನ್ನು ತಲೆಕೆಳಗು ಮಾಡಿದೆ.

ಇಂಥ ಕಾರನ್ನು ನೋಡುವಾಗ ನಾನು ಬಣ್ಣದಿಂದ ಶುರು ಮಾಡುವುದಿಲ್ಲ. ಕೆಲಸ ಯಾವ ಕ್ರಮದಲ್ಲಿ ನಡೆದಿರಬೇಕು ಅಂತ ಮನಸ್ಸಿನಲ್ಲಿ ಓಡಿಸುತ್ತೇನೆ. ಬಾಡಿ ಎರಕ ಆಗುತ್ತದೆ. ಡೈಯ ಎರಡು ಹೋಳು ಕೂಡುವ ಕಡೆ ಅಂಚಿನಲ್ಲಿ ಚಿಮ್ಮಿದ ಲೋಹವನ್ನು ತೆಗೆಯುತ್ತಾರೆ. ನಾವು ಅದಕ್ಕೆ ಫ್ಲ್ಯಾಶ್ ಅನ್ನುವುದು. ಬಣ್ಣ ಹೊಡೆಯುತ್ತಾರೆ. ತಳದ ತಗಡಿಗೆ ಬೇರೆ ಕಡೆ ಕಪ್ಪು ಬಣ್ಣ. ಆಮೇಲೆ ಜೋಡಣೆ. ಬಾಡಿಯೊಳಗಿನ ಗೂಟ ತಳದ ತೂತಿನಿಂದ ಹೊರಗೆ ಬರುತ್ತದೆ, ಅದರ ತುದಿಯನ್ನು ಒತ್ತಿ ರಿವೆಟ್ ಮಾಡುತ್ತಾರೆ. ಆಕ್ಸಲ್ ಅಂದರೆ ಒಂದು ಸಣ್ಣ ಮೊಳೆ ಇದ್ದ ಹಾಗೆ. ಒಂದು ತುದಿಯಲ್ಲಿ ಮೊದಲೇ ತಲೆ ಇರುತ್ತದೆ. ಒಂದು ಚಕ್ರ ಪೋಣಿಸಿ, ಗಾಡಿಯ ತೂತಿಗೆ ತೂರಿಸಿ, ಆಚೆ ಕಡೆ ಇನ್ನೊಂದು ಚಕ್ರ ಹಾಕಿ, ಉಳಿದ ತುದಿಯನ್ನು ಮುಚ್ಚುತ್ತಾರೆ. ಹಳೆಯ ಗಾಡಿಗಳಲ್ಲಿ ಆ ತುದಿಯನ್ನು ಇಕ್ಕಳದಲ್ಲಿ ಅಮುಕಿದ ಹಾಗೆ ಚಪ್ಪಟೆ ಮಾಡಿರುತ್ತಾರೆ. ಆಮೇಲಿನವುಗಳಲ್ಲಿ ಗುಂಡಗೆ, ಪುಟ್ಟ ಗುಮ್ಮಟದ ಹಾಗೆ.

ಅಂದರೆ ಮೊದಲು ಬಣ್ಣ, ಆಮೇಲೆ ರಿವೆಟ್ಟು, ಆಕ್ಸಲ್ ತುದಿ. ಈ ಕ್ರಮ ತಿರುಗುಮುರುಗಾಗಿ ಕಂಡರೆ ಯಾರೋ ಕೈ ಹಾಕಿದ್ದಾರೆ ಅಂತಲೇ ಲೆಕ್ಕ. ಮುಚ್ಚಿದ ತುದಿಯನ್ನು ಬಿಚ್ಚಿ ಮತ್ತೆ ಮೊದಲಿನ ಹಾಗೆ ಮುಚ್ಚುವುದು ನನ್ನ ಕೈಲೂ ಆಗುವುದಿಲ್ಲ.

ಹಸಿರಿನಲ್ಲಿ ಮೊದಲು ಕಂಡದ್ದು ತಳದ ರಿವೆಟ್. ಬರಿ ಲೋಹ ಕಾಣಬೇಕಾದ ಜಾಗದಲ್ಲಿ ಕಪ್ಪು ಬಣ್ಣ ಸಲೀಸಾಗಿ ಹರಿದಿತ್ತು. ಸೂಜಿಯಿಂದ ಮೆಲ್ಲಗೆ ಕೆರೆದೆ. ಬಣ್ಣದ ಕೆಳಗೆ ಲೋಹವೇ ಇಲ್ಲ, ತಿಳಿ ಹಳದಿಯ ಗಟ್ಟಿ ಅಂಟು. ಡ್ರಿಲ್ ಹಾಕಿ ರಿವೆಟ್ ತೆಗೆದು, ಬಾಡಿಯ ಬಣ್ಣ ಕಿತ್ತು, ಹೊಸದಾಗಿ ಹೊಡೆದು, ಎಪಾಕ್ಸಿಯಲ್ಲಿ ಅಂಟಿಸಿದ್ದಾರೆ. ಕೆಲಸ ಕೆಟ್ಟದ್ದಲ್ಲ, ಒಪ್ಪಬೇಕು. ಚಕ್ರದ ಕಮಾನಿನ ಒಳಗೂ ಬಣ್ಣ ದಪ್ಪವಾಗಿ ಕೂತಿತ್ತು. ಬಾಗಿಲಿನ ಗೆರೆಗಳು ಅರ್ಧ ತುಂಬಿಕೊಂಡಿದ್ದವು. ಮೂತಿಯ ಬೆಳ್ಳಿ ಬಣ್ಣ ಕುಂಚದಲ್ಲಿ ಬಳಿದದ್ದು, ಕೂದಲೆಳೆ ಗೆರೆಗಳು ಕಾಣುತ್ತಿದ್ದವು.

ಆಮೇಲೆ ಚಕ್ರ. ಲೆಸ್ನಿಯ ಲೋಹದ ಚಕ್ರವೂ ಬಾಡಿಯ ಹಾಗೆ ಸತುವಿನ ಎರಕದ್ದು, ಗಟ್ಟಿ. ಉಗುರು ಊರಿದರೆ ಏನೂ ಆಗಬಾರದು. ಇದರಲ್ಲಿ ಉಗುರಿನ ಗುರುತು ಮೂಡಿತು. ಒಂದು ಬಿಳಿ ಹಾಳೆಯ ಮೇಲೆ ಕಾರನ್ನು ಅಡ್ಡ ಹಿಡಿದು ಉಜ್ಜಿದೆ. ಪೆನ್ಸಿಲ್ಲಿನಲ್ಲಿ ಎಳೆದ ಹಾಗೆ ಬೂದು ಗೆರೆ. ಸೀಸ ಬೆರೆತ ಮೆತ್ತನೆ ಲೋಹದಲ್ಲಿ ಈಚೆಗೆ ಹೊಯ್ದ ಚಕ್ರ. ಹಳೇ ಗಾಡಿ ದುರಸ್ತಿ ಮಾಡುವವರಿಗೆ ಇಂಥ ಬಿಡಿಭಾಗ ಸಿಗುತ್ತದೆ, ಅದರಲ್ಲಿ ತಪ್ಪೇನಿಲ್ಲ. ದುರಸ್ತಿ ಅಂತ ಹೇಳಿ ಮಾರಬೇಕು, ಅಷ್ಟೆ.

ಆಕ್ಸಲಿನ ಎರಡು ತುದಿ ನೋಡಿದ ಮೇಲೆ ಇದ್ದ ಚೂರು ಪಾರು ಆಸೆಯೂ ಹೋಯಿತು. ಒಂದು ತುದಿ ಮಂಕಾದ ಹಳೇ ಉಕ್ಕು, ಇನ್ನೊಂದು ತುದಿ ಕನ್ನಡಿಯ ಹಾಗೆ ಹೊಳೆಯುತ್ತಿದೆ. ಸುತ್ತ ಅರದ ಹಲ್ಲಿನ ಗೀರು. ಹಿಂದಿನ ಆಕ್ಸಲಂತೂ ಅರ್ಧ ಮಿಲಿಮೀಟರ್ ಉದ್ದ ಉಳಿದು ಚಕ್ರ ಆಚೀಚೆ ಓಲಾಡುತ್ತಿತ್ತು.

ಒಳಗಿಂದ ಹೆಂಡತಿ, “ರೀ, ನಲವತ್ತೆಂಟು ಪೌಂಡ್ ಅಂದ್ರೆ ಎಷ್ಟಾಯ್ತು?” ಅಂತ ಕೇಳಿದಳು. ನಾನು ಐಗ್ಲಾಸ್ ತೆಗೆಯದೆ “ಜಾಸ್ತಿ ಏನಿಲ್ಲ” ಅಂದೆ.

ಮಗಳು ಮಾರಿದವನಿಗೆ ಫೋಟೋ ಸಮೇತ ಬರೆದಳು. ಎರಡು ದಿನಕ್ಕೆ ಉತ್ತರ ಬಂತು. ನನಗೆ ಬಂದದ್ದೇ ಹಾಗೆ, ವಾಪಸ್ ಕಳಿಸಿದರೆ ಹಣ ಕೊಡುತ್ತೇನೆ, ಅಂಚೆ ಖರ್ಚು ನಿಮ್ಮದು ಅಂತ. ರಾಜಾಜಿನಗರದಿಂದ ಇನ್ಶೂರೆನ್ಸ್ ಹಾಕಿ ಕಳಿಸಿದರೆ ಕಾರಿನ ಅರ್ಧ ರೇಟು ಅಂಚೆಗೇ ಹೋಗುತ್ತದೆ. ಬಿಟ್ಟೆ. ಉತ್ತರ ಕೊಟ್ಟದ್ದಕ್ಕೆ ಒಂದು ಸ್ಟಾರ್, ಬಣ್ಣ ಹೊಡೆದವನ ಕೈಗೆ ಒಂದು ಸ್ಟಾರ್. ಹಸಿರಿಗೆ ಒಟ್ಟು ಎರಡು.

ಡಬ್ಬದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಳೇ ಡಬ್ಬಗಳ ಮೇಲೆ ಲೆಸ್ನಿಯ ಜೊತೆ ಮೋಕೋ ಅನ್ನುವ ಹೆಸರಿರುತ್ತದೆ, ಮಾರಾಟ ನೋಡಿಕೊಳ್ಳುತ್ತಿದ್ದವರದು. ಆಮೇಲೆ ಆ ಹೆಸರು ಹೋಯಿತು. ನನ್ನದರ ಮೇಲೆ ಮೋಕೋ ಏನೋ ಇತ್ತು. ಆದರೆ ಕಿವಿ ಬಿಚ್ಚಿ ಒಳಗೆ ನೋಡಿದರೆ ರಟ್ಟು ಹಾಲಿನಷ್ಟು ಬೆಳ್ಳಗೆ, ಮೂಗಿಗೆ ಪ್ರಿಂಟಿಂಗ್ ಪ್ರೆಸ್ಸಿನ ವಾಸನೆ. ಅಂಗಡಿಯಲ್ಲೇ ಮೂಸಿ ನೋಡಬೇಕಿತ್ತು.

ಈಗ ನೀಲಿ. ಇದನ್ನು ಕೊಟ್ಟವರು ಮೂಲೆಯ ಮೇಜಿನ ಅಜ್ಜಿಯೊಬ್ಬರು. ಬಿಸ್ಕತ್ತಿನ ಡಬ್ಬದಲ್ಲಿ ಇಪ್ಪತ್ತು ಮೂವತ್ತು ಕಾರು ಸುರಿದುಕೊಂಡು ಕೂತಿದ್ದರು. ತಮ್ಮ ತಮ್ಮನದು ಅಂದರು. ಬಣ್ಣ ಹೋಗಿರುವ ಜಾಗ ನೋಡಿದರೇ ನಂಬಿಕೆ ಬರುತ್ತದೆ. ಚಾವಣಿಯ ನೆತ್ತಿ, ಮಡ್‌ಗಾರ್ಡಿನ ಉಬ್ಬು, ಬಾನೆಟ್ಟಿನ ತುದಿ. ಮಗು ಕಾರನ್ನು ಹಿಡಿದು ಓಡಿಸುವಾಗ, ಉರುಳಿಸುವಾಗ ಎಲ್ಲಿ ತಗಲುತ್ತದೋ ಅಲ್ಲೇ ಹೋಗಿದೆ. ತಗ್ಗಿನಲ್ಲಿ ನೀಲಿ ಹಾಗೇ ಇದೆ. ಕಿತ್ತ ಜಾಗದ ಲೋಹ ಮಂಕು ಬೂದು. ಬೇಕಂತಲೇ ಕೆರೆದಿದ್ದರೆ ಅಲ್ಲಿ ಬೆಳ್ಳಿಯ ಹೊಳಪು ಇರುತ್ತಿತ್ತು.

ತಳದ ರಿವೆಟ್ ಬರಿ ಲೋಹ, ಒತ್ತಿದ ಉಪಕರಣದ ದುಂಡು ಗುರುತು ಸ್ಪಷ್ಟ. ಆಕ್ಸಲಿನ ಎರಡೂ ತುದಿ ಒಂದೇ ಬಣ್ಣಕ್ಕೆ ತಿರುಗಿದೆ, ಒಂದೇ ಮಟ್ಟದ ತುಕ್ಕು. ಪ್ಲಾಸ್ಟಿಕ್ ಚಕ್ರದ ಸುತ್ತ ಟೈರಿನ ಹಾಗೆ ಸಣ್ಣ ಗೆರೆಗಳಿರುತ್ತವೆ. ಸಂಗ್ರಾಹಕರು ಈ ಗೆರೆಗಳನ್ನು ಕೂತು ಎಣಿಸುತ್ತಾರೆ. ಒರಟು ಗೆರೆಯದು ಒಂದು ಬಗೆ, ನವಿರು ಗೆರೆಯದು ಇನ್ನೊಂದು. ಹುಚ್ಚು ಅನ್ನಿಸುತ್ತೆ ಅಲ್ವಾ? ನನಗೂ ಅನ್ನಿಸಿತ್ತು. ಆದರೆ ಗೆರೆ ಎಣಿಸುವುದರಿಂದ ಒಂದು ಉಪಯೋಗ ಇದೆ. ನಾಲ್ಕೂ ಚಕ್ರ ಒಂದೇ ಬಗೆಯವು ಅಂತ ಖಾತ್ರಿ ಆಗುತ್ತದೆ. ಮೂರು ಒಂದು ಥರ, ನಾಲ್ಕನೆಯದು ಬೇರೆ ಇದ್ದರೆ, ಆ ನಾಲ್ಕನೆಯದರ ಆಕ್ಸಲ್ ತುದಿಯನ್ನು ಎರಡು ಸಲ ನೋಡಬೇಕು. ಎಣಿಸುವಾಗ ಶುರು ಮಾಡಿದ ಗೆರೆಗೆ ಚಾಕ್‌ಪೀಸಿನಿಂದ ಗುರುತು ಹಾಕಿ. ನಾನು ಹಾಕದೆ ಮೂರು ಸಲ ಸುತ್ತಿದೆ.

ಓಡುವುದರಲ್ಲಿ ಏನೂ ವಿಶೇಷ ಇಲ್ಲ. ಈಗಿನ ಹಾಟ್ ವೀಲ್ಸ್ ಥರ ತಳ್ಳಿದರೆ ಗೋಡೆವರೆಗೆ ಹೋಗುವುದಿಲ್ಲ, ಎರಡು ಗೇಣು ಹೋಗಿ ನಿಲ್ಲುತ್ತದೆ. ಕಿಟಕಿಗೆ ಗಾಜಿಲ್ಲ, ಒಳಗೆ ಸೀಟಿಲ್ಲ. ಆದರೆ ಆ ಬಾನೆಟ್ಟಿನ ಹೊಟ್ಟೆ ಇದೆಯಲ್ಲ, ಎರಡು ಇಂಚಿನ ಗಾಡಿಯಲ್ಲಿ ಅದನ್ನು ತಂದವನು ಡೈಯನ್ನು ಬರೀ ಅಳತೆ ನೋಡಿ ಕೊರೆದಿಲ್ಲ. ಮುಂದಿನ ಗಾಜಿನ ಜಾಗ ನಡುವೆ ಪಟ್ಟಿ ಇಲ್ಲದೆ ಒಂದೇ ಆಗಿದೆ. ಹಳೇ ಮೈನರಿಗೆ ನಡುವೆ ಪಟ್ಟಿ ಇದ್ದ ಎರಡು ಗಾಜು, 1956ರ ಮೈನರ್ 1000ದಿಂದ ಒಂದೇ ಬಾಗಿದ ಗಾಜು. ಆಟಿಕೆಯಲ್ಲೂ ಅದನ್ನು ಸರಿಯಾಗಿ ಮಾಡಿದ್ದಾರೆ. ಅರ್ಧ ಸ್ಟಾರ್ ಕಳೆದದ್ದು ಹಿಂದಿನ ಒಂದು ಚಕ್ರ ಸ್ವಲ್ಪ ಸೊಟ್ಟ ಅಂತ. ಅದನ್ನು ನೆಟ್ಟಗೆ ಮಾಡಲು ಹೋಗುವುದಿಲ್ಲ.

ನಮ್ಮ ದೇಶದ್ದೂ ಒಂದು ಕೊಂಡಿ ಇದೆ ಈ ವಿಷಯದಲ್ಲಿ. ಡಿಂಕಿಯವರ ಹಳೇ ಡೈಗಳು ಕಲ್ಕತ್ತಾಕ್ಕೆ ಬಂದು, ಅಲ್ಲಿ ನಿಕಿ ಟಾಯ್ಸ್ ಅನ್ನುವ ಹೆಸರಿನಲ್ಲಿ ಕಾರುಗಳು ತಯಾರಾದವು. ಕೆಲವದರ ತಳದಲ್ಲಿ ಡಿಂಕಿ ಅನ್ನುವ ಅಕ್ಷರಗಳನ್ನು ಅಳಿಸಿದ ಕಲೆ ಹಾಗೇ ಉಳಿದಿದೆ. ಡೈ ಸವೆದು ಅಂಚೆಲ್ಲ ಮೊಂಡಾಗಿರುತ್ತದೆ, ಬಣ್ಣ ದಪ್ಪ. ಇಂಗ್ಲೆಂಡಿನ ಸಂತೆಯಲ್ಲಿ ನಿಕಿ ಕಾರನ್ನು ಹುಡುಕುವವರೇ ಬೇರೆ ಇದ್ದಾರೆ. ನಾವು ಹುಡುಗರಾಗಿದ್ದಾಗ ಸಿಕ್ಕಿದ್ದನ್ನು ಮಣ್ಣಲ್ಲಿ ಹೂತು ಆಡಿದೆವು.

ತಗೊಳ್ಳುವವರಿಗೆ ಎರಡು ಮಾತು. ಮೊಬೈಲಿನಲ್ಲಿ ಫೋಟೋ ನೋಡಿ ಕೊಳ್ಳುವುದಾದರೆ ಪಕ್ಕದ ಫೋಟೋ, ಮುಂದಿನ ಫೋಟೋ ಎಷ್ಟಿದ್ದರೂ ಸಾಲದು. ತಳದ್ದೊಂದು, ಆಕ್ಸಲಿನ ನಾಲ್ಕು ತುದಿಯದು ಒಂದೊಂದು ಕೇಳಿ. ಕೊಡದಿದ್ದರೆ ಬಿಡಿ, ಇನ್ನೊಂದು ಸಿಗುತ್ತೆ. ಅಯಸ್ಕಾಂತ ಹಿಡಿದು ನೋಡಿದರೆ ಸತುವಿನ ಬಾಡಿ ಅಂಟಬಾರದು, ಆಕ್ಸಲ್ ಅಂಟಬೇಕು. ಅದರಿಂದ ಹೊಸದು ಹಳೆಯದು ಗೊತ್ತಾಗುವುದಿಲ್ಲ, ಸುಮ್ನೆ ಮೊದಲ ಜರಡಿ. ಮತ್ತೆ, ಹಳೇ ಬಣ್ಣದಲ್ಲಿ ಸೀಸ ಇರಬಹುದು, ನನ್ನ ಹಸಿರಿನ ಚಕ್ರದಲ್ಲಂತೂ ಇದ್ದೇ ಇದೆ. ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಮಕ್ಕಳ ಕೈಗೆ ಎರಡನ್ನೂ ಕೊಡಬೇಡಿ. ನಮ್ಮ ಮೊಮ್ಮಗನಿಗೆ ಮೂಲೆ ಅಂಗಡಿಯ ಹೊಸ ಕಾರು ತಂದುಕೊಟ್ಟಿದ್ದೇನೆ. ಅವನು ಅದನ್ನು ಸಾರಿನ ಬಟ್ಟಲಿಗೆ ಹಾಕಿದ.

ಎರಡೂ ಈಗ ಷೋಕೇಸಿನಲ್ಲಿ ಅಕ್ಕಪಕ್ಕ ಇವೆ. ಬಂದವರೆಲ್ಲ ಹಸಿರನ್ನೇ ಕೈಗೆ ತೆಗೆದುಕೊಂಡು ಚೆನ್ನಾಗಿದೆ ಅನ್ನುತ್ತಾರೆ. ನೀಲಿಯನ್ನು ನೋಡಿ ಪಕ್ಕದ ಮನೆಯವರು, “ಬಣ್ಣ ಹೊಡೆಸಬಾರದಾ ಸಾರ್?” ಅಂದರು.

ಮೊನ್ನೆ ರಾತ್ರಿ ಮಗಳಿಂದ ವಾಟ್ಸಾಪ್ ಬಂತು. ಇನ್ನೊಂದು ಸಂತೆ, ಇನ್ನೊಂದು ಹಸಿರು ಮಾರಿಸ್, ಲೋಹದ ಚಕ್ರದ್ದು. ಬಣ್ಣ ಸುಮಾರು, 35 ಪೌಂಡ್ ಹೇಳುತ್ತಿದ್ದಾರೆ, ತಗೊಳ್ಳಲಾ ಅಂತ. ನಾನು ಟೈಪ್ ಮಾಡುವಷ್ಟರಲ್ಲಿ ಅವಳೇ ನಾಲ್ಕು ಫೋಟೋ ಕಳಿಸಿದಳು. ನಾಲ್ಕೂ ಆಕ್ಸಲಿನ ತುದಿಗಳು. ಮೂರು ಸ್ಪಷ್ಟ ಇವೆ. ನಾಲ್ಕನೆಯದರಲ್ಲಿ ಅವಳ ಹೆಬ್ಬೆರಳು ಅಡ್ಡ ಬಂದಿದೆ.